ಒಂದು ‘ದಿ’ ಮತ್ತು ಎರಡು ಗೀಟು

ಇವತ್ತು ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ ಫೋನು ಕಿಣಿಗುಟ್ಟಿತು. ಕಡೂರಿನ ಬೇಕರಿಯವರು. ಹೊಸ ಅಂಗಡಿಯ ಪ್ರಾರಂಭೋತ್ಸವದ ಕಾರ್ಡನ್ನು ರಾತ್ರಿಯೇ ಕಳಿಸಿದ್ದೆ. “ಎಲ್ಲಾ ಸೂಪರ್ ಮೇಡಂ, ಸ್ವಲ್ಪ ಚೇಂಜ್ ಇದೆ” ಎಂದು ಬರೆದಿದ್ದರು. ಈ ‘ಸ್ವಲ್ಪ’ದ ಅಳತೆ ಎಷ್ಟು ಎಂದು ಇಪ್ಪತ್ತೆರಡು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಒಬ್ಬರ ಸ್ವಲ್ಪ ಒಂದು ಕೊಂಬು, ಒಂದು ದೀರ್ಘ. ಇನ್ನೊಬ್ಬರ ಸ್ವಲ್ಪದಲ್ಲಿ ಗಣಪತಿಯೂ ಬದಲಾಗುತ್ತಾನೆ, ಮುಹೂರ್ತವೂ ಬದಲಾಗುತ್ತದೆ, ಒಮ್ಮೆ ಮದುಮಗನೇ ಬದಲಾಗಿದ್ದ.

ನಾನು ತರೀಕೆರೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಕೂತು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು ಕಂಪೋಸ್ ಮಾಡುವವಳು. ನನ್ನ ಮಗಳು ಇದಕ್ಕೆ ಫ್ರೀಲ್ಯಾನ್ಸ್ ಅನ್ನುತ್ತಾಳೆ. ನಮ್ಮ ಅತ್ತೆ ಇದ್ದಷ್ಟು ದಿನವೂ ಯಾರಾದರೂ ಕೇಳಿದರೆ “ಏನಿಲ್ಲ, ಮನೇಲೇ ಇದಾಳೆ” ಅನ್ನುತ್ತಿದ್ದರು. ಎರಡೂ ಒಂದೇ ಕೆಲಸದ ಹೆಸರು ಎಂದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು.

ಗಿರಾಕಿಗಳ ಬಗ್ಗೆ ಹೇಳಲು ಕೂತರೆ ನೀವು ಮಧ್ಯಾಹ್ನದ ಊಟಕ್ಕೂ ಇಲ್ಲೇ ಉಳಿಯಬೇಕಾಗುತ್ತದೆ. ಕಡೂರಿನವರು ಜೋರು, ಇಷ್ಟವಾಗದಿದ್ದರೆ ಮುಖದ ಮೇಲೇ ಹೇಳುತ್ತಾರೆ, ಇಷ್ಟವಾದರೆ ಏನೂ ಹೇಳದೆ ಹೋಗುತ್ತಾರೆ. ತರೀಕೆರೆಯವರು ಪಕ್ಕದ ಮನೆಯ ಮದುವೆಯ ಕಾರ್ಡು ತಂದು “ಇದೇ ಥರ ಬೇಕು, ಆದ್ರೆ ಇದರ ಥರ ಕಾಣ್ಬಾರ್ದು” ಎನ್ನುತ್ತಾರೆ. ಅಜ್ಜಂಪುರದ ಕಡೆಯವರು “ನೋಡಾನ” ಅಂದು ಎದ್ದುಬಿಡುತ್ತಾರೆ. ಆ ‘ನೋಡಾನ’ದ ಒಳಗೆ ಒಪ್ಪಿಗೆ ಇದೆಯೋ, ಜಗಳ ಇದೆಯೋ ತಿಳಿಯಲು ಎರಡು ದಿನ ಕಾಯಬೇಕು. ನಾನೂ ಸಾಚಾ ಏನಲ್ಲ. ಒಂದು ಪತ್ರಿಕೆಯಲ್ಲಿ ‘ಜ್ಯೇಷ್ಠ ಪುತ್ರಿ’ಯ ಕೊನೆಯ ಗುಡಿಸನ್ನು ನುಂಗಿ ಹಾಕಿ, ಇಬ್ಬರು ಗಂಡುಮಕ್ಕಳಿಗೆ ಮದುವೆ ನಿಶ್ಚಯ ಮಾಡಿದವಳು. ಆದರೂ ತಪ್ಪೆಲ್ಲ ಗಿರಾಕಿಗಳದ್ದೇ ಎಂದು ಬಹಳ ವರ್ಷ ನಂಬಿಕೊಂಡು ಸುಖವಾಗಿದ್ದೆ. ಆ ಸುಖ ಹೋದದ್ದು ಶಿವನಿಯ ಓಂಕಾರಪ್ಪನವರಿಂದ.

ಹತ್ತು ವರ್ಷದ ಹಿಂದಿನ ಮಾತು. ಓಂಕಾರಪ್ಪ ಅಂದರೆ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ ಇಟ್ಟುಕೊಂಡ ಐವತ್ತರ ಮನುಷ್ಯ. ಅಣ್ಣನ ಮಗಳ ಮದುವೆ, ಗಂಡು ಬೀರೂರಿನವನು. ಒಂದು ಚೀಟಿಯಲ್ಲಿ ಎಲ್ಲ ಬರೆದುಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತು, “ನಿಧಾನಕ್ಕೇ ಮಾಡಮ್ಮ, ಅವಸರ ಇಲ್ಲ” ಅಂದರು. ಅವಸರ ಇಲ್ಲ ಅನ್ನುವ ಗಿರಾಕಿಯನ್ನು ನಾನು ಮೊದಲ ಬಾರಿ ನೋಡಿದ್ದು. ಎಷ್ಟು ಒಳ್ಳೆಯವರು ಎಂದುಕೊಂಡೆ.

ಚೀಟಿಯಲ್ಲಿ ಹುಡುಗಿಯ ತಂದೆಯ ಹೆಸರು ಶ್ರೀ ತಿಪ್ಪೇಶಪ್ಪ ಎಂದಿತ್ತು. ಹಾಗೇ ಕಂಪೋಸ್ ಮಾಡಿ ಒಂದು ಪ್ರತಿ ತೆಗೆದು ಕೊಟ್ಟೆ. ಮೂರನೇ ದಿನ ವಾಪಸ್ ಬಂದರು. ‘ಶ್ರೀ’ಯನ್ನು ಪೆನ್ನಿನಲ್ಲಿ ಹೊಡೆದು ಪಕ್ಕದಲ್ಲಿ ‘ದಿ||’ ಎಂದು ಬರೆದಿತ್ತು. ತೀರಿಕೊಂಡವರ ಹೆಸರಿಗೆ ಮೊದಲು ನಾವು ಹಾಕುತ್ತೇವಲ್ಲ, ದಿವಂಗತದ ‘ದಿ’ ಮತ್ತು ಎರಡು ಗೀಟು, ಅದು. ಪಾಪ, ಹಿರಿಯರು ಇಲ್ಲ, ಮರೆತಿರಬೇಕು ಎಂದು ತಿದ್ದಿಕೊಟ್ಟೆ. ಮತ್ತೆರಡು ದಿನಕ್ಕೆ ಬಂದರು. ದಿ ತೆಗೆಯಬೇಕಂತೆ. ತೆಗೆದೆ. ವಾರದ ನಂತರ ದಿ ಹಾಕಬೇಕಂತೆ. ಹಾಕಿದೆ. ಮತ್ತೆ ತೆಗೆಯಬೇಕಂತೆ, ತೆಗೆದೆ. ಅಷ್ಟರಲ್ಲಿ ನನ್ನ ಬೆರಳಿಗೆ ಆ ಕೆಲಸ ಎಷ್ಟು ಅಭ್ಯಾಸವಾಗಿತ್ತೆಂದರೆ ಓಂಕಾರಪ್ಪನವರ ಬಿಳಿ ಟವೆಲ್ಲು ಗೇಟಿನ ಹತ್ತಿರ ಕಂಡರೆ ಸಾಕು, ಕೈ ತಾನಾಗಿ ಎರಡು ಗೀಟು ಹಾಕುವ ಕೀ ಹತ್ತಿರ ಹೋಗುತ್ತಿತ್ತು.

ಸಿಟ್ಟಿಗಿಂತ ಹೆಚ್ಚಾಗಿ ನನಗೆ ಕುತೂಹಲ. ಇದೇನಿದು, ಸೋಮವಾರ ಸತ್ತು ಗುರುವಾರ ಎದ್ದು ಬರುವ ಮನುಷ್ಯ? ಜಮೀನಿನ ವ್ಯಾಜ್ಯ ಇರಬೇಕು ಎಂದುಕೊಂಡೆ. ಜ್ಯೋತಿಷಿ ಏನಾದರೂ ಹೇಳಿರಬೇಕು ಎಂದುಕೊಂಡೆ. ವಾಪಸ್ ಬಂದ ಪ್ರತಿಗಳನ್ನೆಲ್ಲ ಒಂದು ಮಧ್ಯಾಹ್ನ ಮಂಚದ ಮೇಲೆ ಹರಡಿಕೊಂಡು ಪತ್ತೇದಾರಳಂತೆ ನೋಡಿದೆ. ಆಗ ಒಂದು ವಿಷಯ ಕಂಡಿತು. ದಿ ಹಾಕಿದ್ದು ಪ್ರತಿ ಸಲವೂ ನೀಲಿ ಪೆನ್ನಿನಲ್ಲಿ. ತೆಗೆದದ್ದು ಪ್ರತಿ ಸಲವೂ ಪೆನ್ಸಿಲ್ಲಿನಲ್ಲಿ, ಕಾಗದ ಹರಿಯುವಷ್ಟು ಒತ್ತಿ. ಹಾಕುವವರು ಒಬ್ಬರು, ತೆಗೆಯುವವರು ಇನ್ನೊಬ್ಬರು. ಅಷ್ಟು ಕಂಡುಹಿಡಿದು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆನೇ ಹೊರತು, ಆ ಇನ್ನೊಬ್ಬರು ಯಾರು ಎಂದು ಕೇಳುವ ಬುದ್ಧಿ ಬರಲಿಲ್ಲ.

ಐದನೆಯ ಸಲ ಬಂದಾಗ ನನ್ನ ಮನೆಯಲ್ಲಿ ನೀರು ಬಂದಿರಲಿಲ್ಲ, ಕರೆಂಟು ಎರಡು ಸಲ ಹೋಗಿತ್ತು. ಅವರು ಟವೆಲ್ಲಿನ ಮಡಿಕೆಯಿಂದ ಪ್ರತಿ ತೆಗೆದರು. ನಾನು ನೋಡದೆಯೇ ಹೇಳಿದೆ, “ಓಂಕಾರಪ್ಪೋರೇ, ನಿಮ್ಮಣ್ಣ ಇದಾರೋ ಇಲ್ವೋ ಅದನ್ನ ಮೊದ್ಲು ಮನೇಲಿ ತೀರ್ಮಾನ ಮಾಡ್ಕೊಂಡು ಬನ್ನಿ. ಆಮೇಲೆ ಟೈಪ್ ಮಾಡ್ತೀನಿ.”

ಅವರು ಸಿಟ್ಟಾಗಲಿಲ್ಲ. ಪ್ರತಿಯನ್ನು ಮತ್ತೆ ಮಡಿಚಿ, “ಅದೇ ಗೊತ್ತಾಗ್ತಿಲ್ಲ ಕಣಮ್ಮ” ಅಂದರು.

ಆಮೇಲೆ ಹೇಳಿದರು. ಅದಕ್ಕೂ ಒಂಬತ್ತು ವರ್ಷದ ಹಿಂದೆ ಅಣ್ಣ ತಿಪ್ಪೇಶಪ್ಪ ಬೆಳಿಗ್ಗೆ ತಿಂಡಿ ತಿಂದು, ಚಿಕ್ಕಜಾಜೂರಿಗೆ ಹೋಗಿ ಸಾಯಂಕಾಲದ ಗಾಡಿಗೆ ಬತ್ತೀನಿ ಎಂದು ಶಿವನಿ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದರು. ಬರಲಿಲ್ಲ. ಜಗಳವಿಲ್ಲ, ಕಾಯಿಲೆಯಿಲ್ಲ. ಕಂಪ್ಲೇಂಟು ಕೊಟ್ಟರು, ಊರೂರು ತಿರುಗಿದರು. ಯಾವುದೋ ಮಠದಲ್ಲಿ ಕಂಡರು ಅಂದವರಿದ್ದಾರೆ, ಹುಬ್ಬಳ್ಳಿಯಲ್ಲಿ ಹೋಟೆಲಿನಲ್ಲಿದ್ದಾರೆ ಅಂದವರಿದ್ದಾರೆ. ಹೋಗಿ ನೋಡಿದರೆ ಬೇರೆ ಯಾರೋ.

“ಬೀಗ್ರು ದಿ ಹಾಕ್ಸಿ ಅನ್ನದ್ರಲ್ಲೂ ತಪ್ಪಿಲ್ಲಮ್ಮ. ಶ್ರೀ ಅಂತ ಹಾಕಿದ್ರೆ ಧಾರೆ ಹೊತ್ತಿಗೆ ಹುಡುಗಿ ಅಪ್ಪ ಎಲ್ಲಿ ಅಂತ ಛತ್ರದ ತುಂಬಾ ಕೇಳ್ತಾರೆ. ದಿ ಅಂತ ಇದ್ರೆ ಯಾರೂ ಕೇಳಲ್ಲ. ಅದಕ್ಕೆ ಹಾಕಿಸ್ಕೊಂಡು ಹೋಗ್ತೀನಿ. ಅತ್ಗೆ ಏನೂ ಮಾತಾಡಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಹೊಡೆದಿರ್ತಾರೆ.”

ನನಗೆ ನಾಚಿಕೆಯಾಯಿತು. ಇವತ್ತಿಗೂ ಆ ಮಾತು ನೆನಪಾದರೆ ಒಬ್ಬಳೇ ಇದ್ದಾಗಲೂ ಮುಖ ಬಿಸಿಯಾಗುತ್ತದೆ. ದಿನಕ್ಕೆ ಹತ್ತು ಸಲ ಯಾರು ಯಾರಿಗೋ ದಿ ಹಾಕುವವಳು ನಾನು. ಆ ಎರಡು ಗೀಟು ಒಂದು ಹೆಂಗಸಿನ ಕೈಬಳೆ, ಹಣೆಗೆಲ್ಲ ಬಂದು ಮುಟ್ಟುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮಗಳ ಪತ್ರಿಕೆಯಲ್ಲಿ ದಿ ಬಂತೆಂದರೆ ಮಗಳ ಮದುವೆಯ ಶಾಸ್ತ್ರಗಳಲ್ಲಿ ತಾಯಿ ಹಿಂದಿನ ಸಾಲಿಗೆ ಹೋದಳು ಎಂದೇ ಅರ್ಥ. ಹಾಗಾಗಬಾರದು ಎಂದು ನಾವು ಹೇಳಬಹುದು, ಆದರೆ ನಮ್ಮ ಕಡೆ ಇನ್ನೂ ಹಾಗೇ ಆಗುತ್ತದೆ.

ಬುದ್ಧಿವಂತಿಕೆ ತೋರಿಸಲು ಹೋಗಿ, “ಶ್ರೀನೂ ಬೇಡ, ದಿನೂ ಬೇಡ, ಬರೀ ಹೆಸ್ರು ಹಾಕೋಣ” ಅಂದೆ. ಓಂಕಾರಪ್ಪ ಬೇಡವೆಂದು ತಲೆಯಾಡಿಸಿದರು. “ಬರೀ ಹೆಸ್ರು ಹಾಕಕ್ಕೆ ಅವ್ನೇನು ಕೂಲಿ ಲೆಕ್ಕದಾಗೆ ಇದಾನಾ? ಮನೆಗೆ ಹಿರೇ ಮಗ ಕಣಮ್ಮ.” ಸರಿ, ನೋಡಾನ, ಎಂದು ಎದ್ದು ಹೋದರು.

ನಾಲ್ಕು ದಿನ ಬಿಟ್ಟು ಅತ್ತಿಗೆ ಗೌರಮ್ಮನೇ ಬಂದರು. ಸಣ್ಣ ಆಳು, ಗಟ್ಟಿ ಹೆಜ್ಜೆ, ಹಣೆಯಲ್ಲಿ ಕಾಸಗಲ ಕುಂಕುಮ. ನೀರು ಕೊಟ್ಟರೆ ಕುಡಿದು, ಕವರಿನಿಂದ ಒಂದು ಕಾಗದ ತೆಗೆದು ಮುಂದಿಟ್ಟರು. ಅವರ ಹೆಸರಿಗೆ ಬಂದ ಸೈಟಿನ ಹಕ್ಕುಪತ್ರ.

“ಇಲ್ಲಿ ನನ್ನ ಹೆಸ್ರು ಹೆಂಗೈತೆ, ಓದಮ್ಮ.”

ಗಂಡನ ಹೆಸರನ್ನು ಅವರು ಬಾಯಲ್ಲಿ ಹೇಳುವುದಿಲ್ಲ, ಅದಕ್ಕೇ ನನಗೆ ಓದಿಸಿದ್ದು. ನಾನು ಓದಿದೆ, “ಗೌರಮ್ಮ ಕೋಂ ತಿಪ್ಪೇಶಪ್ಪ.” ನಿಮಗೆ ಗೊತ್ತಲ್ಲ, ಪಹಣಿ ಖಾತೆಗಳಲ್ಲಿ ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ.

“ಇದ್ರಾಗೆ ಅವ್ರು ಇದಾರೆ ಅಂತ ಐತಾ?”

“ಇಲ್ಲ.”

“ಇಲ್ಲ ಅಂತ ಐತಾ?”

“ಅದೂ ಇಲ್ಲ.”

“ಹಂಗಾದ್ರೆ ಇದನ್ನೇ ಹಾಕು. ಸರ್ಕಾರದೋರೇ ಕೇಳ್ದೆ ಇರೋದನ್ನ ಬೀಗ್ರು ಯಾಕೆ ಕೇಳ್ಬೇಕು? ನಾನು ಯಾರ ಹೆಂಡ್ತಿ ಅಂತ ಹೇಳಕ್ಕಾಗ್ತದೆ. ಅವ್ರು ಎಲ್ಲಿದಾರೆ ಅಂತ ಹೇಳಕ್ಕಾಗಲ್ಲ. ಗೊತ್ತಿಲ್ದೇ ಇರೋದನ್ನ ಅಚ್ಚು ಹಾಕಿಸ್ಬಾರ್ದು ಕಣಮ್ಮ.”

ಕೊನೆಯ ಮಾತು ಹೇಳುತ್ತಾ ನನ್ನ ಕಂಪ್ಯೂಟರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ನಾನು ಅವರೆದುರೇ ಟೈಪ್ ಮಾಡಿದೆ: ಶ್ರೀಮತಿ ಗೌರಮ್ಮ ಕೋಂ ತಿಪ್ಪೇಶಪ್ಪ ಇವರ ಪುತ್ರಿ. ಬಂಗಾರದ ಬಣ್ಣದ ಬಳ್ಳಿ, ಮೇಲೆ ಕಳಶ, ನಡುವೆ ತಾಲ್ಲೂಕು ಕಚೇರಿ. ಇಷ್ಟು ಕೆಟ್ಟದಾಗಿ ಕಾಣುವ ಪತ್ರಿಕೆಯನ್ನು ನಾನು ಮಾಡಿದ್ದು ಅದೊಂದೇ.

ಅಚ್ಚು ಹಾಕುವವರು ಇಸ್ಮಾಯಿಲ್ ಸಾಬರು. ಅವರ ಪ್ರೆಸ್ಸಿನಲ್ಲೇ ನಾನು ಕೆಲಸ ಕಲಿತದ್ದು. ಫೈಲು ನೋಡಿ ತಕ್ಷಣ ಫೋನು ಮಾಡಿದರು. “ಏನಮ್ಮ ಇದು, ಶಾದಿ ಕಾರ್ಡೋ ಪಹಣಿಯೋ? ಕೋಂ ತೆಗೀಲಾ?” ನಾನು ವಿಷಯ ಹೇಳಿದೆ. ಆ ಕಡೆ ಮೆಶಿನ್ ನಿಂತಿತು. “ಈ ಮೆಶಿನ್ ಮೇಲೆ ಎಷ್ಟು ಸಾವ್ರ ದಿ ಹೊಡ್ದಿದೀನೋ. ಒಂದಕ್ಕೂ, ನಿಮಗೆ ಹೆಂಗೆ ಗೊತ್ತು ಅಂತ ಯಾರನ್ನೂ ಕೇಳಿಲ್ಲ ನೋಡು,” ಅಂದು ಇಟ್ಟರು.

ಮದುವೆಗೆ ನಾನೂ ಹೋಗಿದ್ದೆ. ಒಂದು ತಮಾಷೆ ಹೇಳಬೇಕು. ಹುಡುಗಿಯ ಅಪ್ಪ ಎಲ್ಲಿ ಎಂದು ಇಡೀ ಛತ್ರದಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಕೋಂ ಯಾಕೆ ಎಂದು. ನನ್ನ ಪಂಕ್ತಿಯಲ್ಲೇ ಕೂತಿದ್ದ ಬೀರೂರಿನ ಹಿರಿಯರೊಬ್ಬರು ಹೋಳಿಗೆ ಮುರಿಯುತ್ತಾ, “ಯಾವಳೋ ಅಮಲ್ದಾರ್ ಆಫೀಸಿನವಳ ಹತ್ರ ಟೈಪ್ ಮಾಡ್ಸಿದಾರೆ ಕಣ್ರೀ, ಒಂದು ಲಗ್ನಪತ್ರಿಕೆ ಮಾಡಕ್ಕೆ ಬರಲ್ಲ” ಅಂದರು. ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಹಸೆಯ ಪಕ್ಕದಲ್ಲಿ ಗೌರಮ್ಮ ಮಗಳಿಗೆ ಆರತಿ ಎತ್ತುತ್ತಿದ್ದರು, ಮುಂದಿನ ಸಾಲಿನಲ್ಲಿ ನಿಂತು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ಬೇರೆ ನೆನಪಿಲ್ಲ.

ಅಲ್ಲಿಂದ ಮುಂದೆ ‘ಸ್ವಲ್ಪ ಚೇಂಜ್’ ಅಂದವರನ್ನು ಯಾಕೆ ಎಂದು ಕೇಳುವ ರೋಗ ಹತ್ತಿತು. ಯಾರು ಹೇಳಿದರು, ಮನೆಯಲ್ಲಿ ಯಾರಿಗೆ ಒಪ್ಪಿಗೆಯಾಗಲಿಲ್ಲ? ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಎಲ್ಲರ ಹಿಂದೆಯೂ ಒಂದು ಕತೆ ಇರುತ್ತದೆ ಎಂದುಕೊಳ್ಳಬೇಡಿ. ಮುಕ್ಕಾಲು ಪಾಲು ಜನಕ್ಕೆ ನಿಜವಾಗಿಯೂ ತಮಗೇನು ಬೇಕೆಂದು ಗೊತ್ತಿರುವುದಿಲ್ಲ. ಇವತ್ತಿನ ಬೇಕರಿಯವರು ಆ ಜಾತಿ.

ಮೊನ್ನೆ ಸೋಮವಾರ ಓಂಕಾರಪ್ಪನವರ ಫೋನು ಬಂತು. “ಅತ್ಗೆ ಹೋದ್ರು ಕಣಮ್ಮ. ತಿಥಿ ಕಾರ್ಡು ಮಾಡ್ಬೇಕು.” ಫೋಟೋ, ದಿನ, ಜಾಗ ಎಲ್ಲ ಕಳಿಸಿದರು. ನಾನು ಕೂತು ಟೈಪ್ ಮಾಡಿದೆ: ದಿ|| ಗೌರಮ್ಮ ಕೋಂ ತಿಪ್ಪೇಶಪ್ಪ. ಎರಡು ಗೀಟು ಹಾಕಲು ಆವತ್ತು ಕೈ ಬರಲಿಲ್ಲ; ಎದ್ದು ಹೋಗಿ ಬಂದು ಹಾಕಿದೆ. ಕಳಿಸಿ ಕಾದೆ. ಒಂದು ಗಂಟೆಯಾಯಿತು, ಎರಡಾಯಿತು. ‘ಸರಿ ಐತೆ’ ಎಂದೊಂದು ಸಂದೇಶ ಬಂತು, ಅಷ್ಟೇ. ಐದು ಸಲ ತಿದ್ದಿಸಿದ ಮನುಷ್ಯ ಒಂದೇ ಸಲಕ್ಕೆ ಒಪ್ಪಿಬಿಟ್ಟರೆ ಹೇಗೆ? ನಾನೇ ಫೋನು ಮಾಡಿದೆ. ಈ ಕೆಲಸಕ್ಕೆ ಬಂದ ಮೇಲೆ ಗಿರಾಕಿಗೆ ನಾನಾಗಿ ಫೋನು ಮಾಡಿ ಚೇಂಜ್ ಕೇಳಿದ್ದು ಅದೇ ಮೊದಲು.

“ಏನಾದ್ರೂ ಚೇಂಜ್ ಐತಾ, ಓಂಕಾರಪ್ಪೋರೇ? ನಿಮ್ಮಣ್ಣನ ಹೆಸ್ರಿಗೆ ಏನಾದ್ರೂ...”

“ಅಣ್ಣನ ಹೆಸ್ರು ಮುಟ್ಟಬೇಡಮ್ಮ. ಅತ್ಗೆ ಹೆಂಗೆ ಬಿಟ್ಟೋಗಿದಾರೋ ಹಂಗೇ ಇರ್ಲಿ.” ಫೋನು ಇಡುವ ಮೊದಲು ಮತ್ತೆ ಅಂದರು, “ಕೇಳಿದ್ಯಲ್ಲ, ಒಂದು ಐತೆ. ಫೋಟೋದಾಗೆ ಹಣೆ ಮಸಿ ಮಸಿ ಆಗೈತೆ. ಕುಂಕುಮ ಚೆನ್ನಾಗಿ ಕಾಣಂಗೆ ಮಾಡು. ಮುತ್ತೈದೆ ಸಾವು ಕಣಮ್ಮ, ನಮ್ಮತ್ಗೆದು.”