ಬಚ್ಚಿ ಮರಕಾಲ್ತಿಯ ದಾರಿ

ಬಚ್ಚಿ ಮರಕಾಲ್ತಿ ಕಂಡದ್ದನ್ನಷ್ಟೇ ಹೇಳುವ ಹೆಂಗಸು. ಮೀನು ಮಾರುವಾಗಲೂ ಹಾಗೆಯೇ. "ಬಂಗ್ಡಿ ಹ್ವಾಯ್, ನಿನ್ನೆದ್! ಬ್ಯಾಡ ಅಂದ್ರೆ ಬಿಡಿ" ಎಂದು ತೆಕ್ಕಟ್ಟೆಯ ಬೀದಿಯಲ್ಲಿ ಕೂಗುತ್ತಿದ್ದಳು.

ಬ್ರಿಟಿಷರು ಹೋದ ಮರುವರ್ಷ ಅವಳು ಕುಂದಾಪುರದ ಮುನ್ಸೀಫ್ ಕೋರ್ಟಿಗೆ ಬಂದಳು. ಕಡಲಿನಿಂದ ಪೇಟೆಗೆ ಮೀನು ಹೊರುವ ದಾರಿ ಶೀನ ಹೆಗ್ಡೆಯವರ ತೋಟದೊಳಗಿಂದ ಹೋಗುತ್ತಿತ್ತು. ಅದಕ್ಕೆ ಅವರು ದಣಪೆ ಹಾಕಿ ಮುಚ್ಚಿದ್ದರು. ಬಳಸಿ ಹೋದರೆ ಹೊಳೆ ಹಾಯಬೇಕು. ಕಡಲು ಉಕ್ಕುವ ಭರತದ ಹೊತ್ತಿಗೆ ಎದೆಮಟ್ಟ ನೀರು. ನಾನು ಅವಳ ವಕೀಲ.

"ರಾಜ ಹೋದ ಅಂಬ್ರಲೆ, ಇನ್ನ್ ಕೋರ್ಟ್ ಯಾರದ್ದ್ ವಕೀಲ್ರೆ?" ಎಂದು ಕೇಳಿದಳು.

"ನಮ್ಮದೇ" ಎಂದೆ.

"ಹಾಂಗಾರೆ ಒಂದ್ ಕೈ ಕಾಂಬ."

ಯಾರನ್ನೂ ಕೇಳದೆ ತಲೆಮಾರಿನಿಂದ ನಡೆದಿದ್ದರೆ ದಾರಿ ಅವಳ ಹಕ್ಕು. ಅಪ್ಪಣೆ ಪಡೆದು ನಡೆದಿದ್ದರೆ ಅದು ಬರೀ ಉಪಕಾರ. ಇದನ್ನು ನಾನು ಅವಳಿಗೆ ಬಿಡಿಸಿ ಹೇಳಿದ್ದೆ. ವಿಚಾರಣೆಯ ದಿನ ಹೆಗ್ಡೆಯವರು ಎದ್ದು, "ಆನೆಗುಡ್ಡೆ ವಿನಾಯಕನ ಎದ್ರ್ ಅವ್ಳೇ ಪ್ರಮಾಣ ಮಾಡ್ಲಿ. ಕೇಣ್ದೆ ನಡ್ದದ್ದ್ ಅಂದ್ರೆ ನಾ ಬಿಟ್ಟೆ" ಎಂದರು. ಆಗಿನ ಕಾಯಿದೆಯಲ್ಲಿ ಅದಕ್ಕೆ ಅವಕಾಶವಿತ್ತು. ಇಬ್ಬರೂ ಒಪ್ಪಿದರೆ ದೇವರೆದುರಿನ ಆ ಮಾತೇ ಕೊನೆ, ಬೇರೆ ಸಾಕ್ಷಿ ಬೇಡ. ಬಚ್ಚಿ ಒಪ್ಪಿದಳು. ಗೆದ್ದೆವು ಎಂದುಕೊಂಡೆ.

ಆನೆಗುಡ್ಡೆಯಿರುವ ಕುಂಭಾಶಿಯಲ್ಲಿ ಅವಳು ಮಿಂದು, ಒದ್ದೆ ಸೀರೆಯಲ್ಲೇ ಗುಡಿಯೆದುರು ನಿಂತಳು. ಕೋರ್ಟು ಕಳಿಸಿದ ಕಮಿಷನರು ಪ್ರಶ್ನೆ ಓದಿದರು. ಅವಳು ವಿನಾಯಕನಿಗೆ ಕೈಮುಗಿದಳು.

"ನಾ ಯಾರತ್ರವೂ ಕೇಣ್ಲಿಲ್ಲೆ. ಆರೆ ನಮ್ಮತ್ತಿ ವರ್ಷಕ್ಕೊಂದ್ ಸಲ ಹೆಗ್ಡ್ರ ಅಪ್ಪಯ್ಯನ ಅಂಗಳಕ್ಕೆ ಹೋಯಿ, ಒಂದ್ ಅಂಜಲ್ ಮೀನ್ ಇಟ್ಟ್, 'ಈ ದಾರ್ಯಂಗೆ ಹೋಪುಕಕ್ಕಾ ಒಡೆಯಾ' ಅಂತ ಕೇಂತಿದ್ರ್. ನಾ ಕಣ್ಣಾರೆ ಕಂಡಿದೆ."

ಆ ಒಂದು ಮಾತಿಗೆ ದಾವೆ ಬೀಳುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆಗ್ಡೆಯವರ ಮುಖದಲ್ಲೂ ಗೆಲುವಿರಲಿಲ್ಲ. ಮೆಟ್ಟಿಲಿಳಿಯುವಾಗ ಅವರೇ ಅವಳನ್ನು ತಡೆದರು.

"ಬಚ್ಚಿ, ದಣಪೆ ತೆಗಿಸ್ತೆ. ಅತ್ತಿ ಹಾಂಗೆ ನೀನೂ ಒಂದ್ ಮಾತ್ ಕೇಂಡ್ ಹೋಗ್, ಸಾಕ್."

"ಕೇಂಬುದೆಲ್ಲ ಅತ್ತಿ ಕಾಲಕ್ಕೇ ಮುಗೀತ್, ಒಡೆಯಾ. ಉಪಕಾರ ಆರೆ ನಂಗ್ ಬ್ಯಾಡ."

ದಾವೆ ವಜಾ ಆಯಿತು. ಹೆಗ್ಡೆಯವರು ದಣಪೆ ತೆಗೆಸಿಯೇಬಿಟ್ಟರು. ಕೇರಿಯವರೆಲ್ಲ ಆ ದಾರಿಯಲ್ಲಿ ನಡೆದರು, ಬಚ್ಚಿಯೊಬ್ಬಳನ್ನು ಬಿಟ್ಟು.

ಅವಳನ್ನು ಕೊನೆಯ ಸಲ ಕಂಡದ್ದು ಹೊಳೆಯ ದಂಡೆಯಲ್ಲಿ, ಭರತದ ಹೊತ್ತಿಗೆ. ತಲೆಯ ಮೇಲಿನ ಹೆಡಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಎದೆಮಟ್ಟ ನೀರನ್ನು ಸೀಳಿಕೊಂಡು ಬರುತ್ತಿದ್ದಳು. ನಾನು ದಂಡೆಯ ಕಿರುದಾರಿಯ ನಡುವೆಯೇ ನಿಂತು ನೋಡುತ್ತಿದ್ದೆ.

"ಹ್ವಾಯ್ ವಕೀಲ್ರೆ, ಎಂತ ಕಾಂತ್ರಿ? ದಾರಿ ಬಿಡಿ!"

ಸರಿದು ನಿಂತೆ. ಅವಳು ತಿರುಗಿ ನೋಡದೆ ಪೇಟೆಯ ಕಡೆಗೆ ನಡೆದಳು.