ತಿಳಿನೀರು ಬರುವ ತನಕ

ಬೆಳಗಿನ ಐದೂಕಾಲು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಎಲ್ಲರೂ ಮಾಮ ಎಂದೇ ಕರೆಯುವ ಅಟೆಂಡರು ಮೂರು ಶೌಚಾಲಯಗಳ ಚಿಲಕಗಳನ್ನು ಒಂದೊಂದಾಗಿ ಹಾಕಿ, ತೆಗೆದು ನೋಡುತ್ತಾರೆ. ಚಿಲಕ ಗಟ್ಟಿಯಿಲ್ಲದಿದ್ದರೆ ಒಳಗೆ ಕೂತವರ ಹೊಟ್ಟೆ ಸಡಿಲವಾಗುವುದಿಲ್ಲ ಎಂಬುದು ಅವರ ಇಪ್ಪತ್ತೆರಡು ವರ್ಷದ ಅನುಭವ. ಆಮೇಲೆ ಜಗ್ಗುಗಳಲ್ಲಿ ಭೇದಿಯ ಪುಡಿ ಕಲಸಿ ಬೆಂಚಿನ ಮೇಲೆ ಸಾಲಾಗಿ ಇಡುತ್ತಾರೆ. ಇವತ್ತಿನ ಗಂಡಸರ ಪಟ್ಟಿಯಲ್ಲಿ ಎಂಟು ಜನ.

ಇದು ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ವಿಭಾಗ. ನೋಡುವುದು ಡಾಕ್ಟರು. ಆದರೆ ಅವರಿಗೆ ಏನಾದರೂ ಕಾಣಬೇಕಾದರೆ ಕರುಳು ತೊಳೆದಿಟ್ಟ ತಟ್ಟೆಯ ಹಾಗಿರಬೇಕು. ಕುಡಿದು, ಹೋಗಿ, ಬಂದು, ಮತ್ತೆ ಹೋಗಿ, ಕೊನೆಗೆ ಹೊರಬರುವುದು ಬರೀ ತಿಳಿನೀರಾಗಿರಬೇಕು. ಆಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿ ಹೇಳುವ ಕೆಲಸ ಮಾಮನದು.

"ಡಾಕ್ಟರ ಹತ್ರ ಸುಳ್ಳು ಹೇಳಬಹುದು, ಹೆಂಡತಿ ಹತ್ರ ಹೇಳಬಹುದು. ಇಲ್ಲಿ ಮಾತ್ರ ನಡೆಯಲ್ಲ" ಎನ್ನುತ್ತಾರೆ.

ಪಟ್ಟಿಯಲ್ಲಿ ಐದನೆಯವನು ಬಸ್ ಡ್ರೈವರು. ಮಲದಲ್ಲಿ ರಕ್ತ ಕಾಣಿಸಿಕೊಂಡು ಏಳು ತಿಂಗಳಾಗಿದೆ. ಎರಡು ಸಲ ಬಂದು, ಕರುಳು ಸ್ವಚ್ಛವಿಲ್ಲವೆಂದು ಎರಡು ಸಲವೂ ವಾಪಸಾಗಿದ್ದಾನೆ. ಇವತ್ತೂ ಆಗದಿದ್ದರೆ ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಹೆಂಡತಿಗೆ ಹೇಳಿಯೇ ಬಂದಿದ್ದಾನೆ. ಆಕೆ ಹೊರಗೆ ಬ್ಯಾಗು ತಬ್ಬಿಕೊಂಡು ಕೂತಿದ್ದಾಳೆ.

ಏಳಕ್ಕೆ ಡ್ರೈವರು ಬಾಗಿಲು ತೆರೆಯುತ್ತಾನೆ. "ಆಯ್ತು ಮಾಮ, ಕ್ಲೀನು." ಹೇಳುತ್ತಲೇ ಫ್ಲಶ್ಶಿನ ಕಡೆ ಕೈ ಚಾಚುತ್ತಾನೆ. ಮಾಮ ಆ ಕೈ ತಡೆದು ಬಗ್ಗುತ್ತಾರೆ.

"ಸೀಬೆಹಣ್ಣು ಯಾವಾಗ ತಿಂದೆ?"

"ನಾನಾ? ಇಲ್ವಲ್ಲ."

"ಬೀಜ ಈಜ್ತಾ ಇದೆ ಕಣಯ್ಯ. ನಾನು ತಿಂದಿದ್ದು ನಿನ್ನ ಹೊಟ್ಟೆಗೆ ಬರುತ್ತಾ?"

ಡ್ರೈವರು ನೆಲ ನೋಡುತ್ತಾನೆ. "ಮೊನ್ನೆ, ಡಿಪೋದಲ್ಲಿ. ಒಂದೇ ಒಂದು."

ಬೈಯಲು ಮಾಮನಿಗೆ ಮನಸ್ಸು ಬರುವುದಿಲ್ಲ. ಅವರ ಅಣ್ಣ ಎರಡು ವರ್ಷ ರಕ್ತ ನೋಡಿಕೊಂಡು, ಮೂಲವ್ಯಾಧಿ ಇರಬೇಕೆಂದು ಬಾಯಿ ಹೊಲಿದುಕೊಂಡಿದ್ದ. ತಮ್ಮ ಇದೇ ವಿಭಾಗದಲ್ಲಿದ್ದಾನೆಂದು ಗೊತ್ತಿದ್ದೂ ಹೇಳಲಿಲ್ಲ. ಗೊತ್ತಾಗುವಷ್ಟರಲ್ಲಿ ಕರುಳಿನ ಕ್ಯಾನ್ಸರು ಯಕೃತ್ತಿಗೆ ಹರಡಿತ್ತು. ನಾಚಿಕೆ ಮನೆಯಲ್ಲಿ ಈಗಲೂ ಇದೆ. ಮಗಳನ್ನು ಕೊಟ್ಟ ಬೀಗರ ಮುಂದೆ ಮಾಮನ ಭಾವಮೈದ ಹೇಳಿದ್ದು, "ನಮ್ಮ ಭಾವ ಯಂತ್ರದ ವಿಭಾಗದಲ್ಲಿದ್ದಾರೆ" ಎಂದು.

ಮಾಮ ನೇರ ಡಾಕ್ಟರ ಕೋಣೆಗೆ ನಡೆಯುತ್ತಾರೆ. "ಮೂರನೇ ಸಲ ಕಳಿಸಿದ್ರೆ ಅವನು ಮತ್ತೆ ಬರಲ್ಲ ಮೇಡಂ. ಪಟ್ಟಿ ಕೊನೆಗೆ ಹಾಕಿ. ಒಂಬತ್ತರೊಳಗೆ ಇನ್ನೊಂದು ಜಗ್ಗು ಕುಡಿಸಿ ಮುಗಿಸ್ತೀನಿ."

"ನಿಮ್ಮ ಜವಾಬ್ದಾರಿ, ಮಾಮ."

"ಇಷ್ಟು ವರ್ಷ ಇನ್ಯಾರದಿತ್ತು?"

ಡಾಕ್ಟರು ನಕ್ಕು, ಪೆನ್ನು ತೆಗೆದು, ಹನ್ನೆರಡು ಗಂಟೆಯ ಮುಂದೆ ಅವನ ಹೆಸರು ಬರೆದುಕೊಳ್ಳುತ್ತಾರೆ.

ಎರಡನೆಯ ಜಗ್ಗು ಗುಟುಕು ಗುಟುಕಾಗಿ ಇಳಿಯುತ್ತದೆ. ಡ್ರೈವರು ಮುಖ ಹಿಂಡಿದಾಗೆಲ್ಲ ಮಾಮ ಮಾತು ತೆಗೆಯುತ್ತಾರೆ. "ಐದಡಿ ಉದ್ದ ಇದೆ ನಿನ್ನ ದೊಡ್ಡ ಕರುಳು. ಉಳಿದ ನೀರು, ಉಪ್ಪು ಎಲ್ಲ ಹೀರಿ ಮೈಗೆ ವಾಪಸ್ ಕೊಡುತ್ತೆ. ಒಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಸಂಸಾರ ಹೂಡಿವೆ. ಸೊಪ್ಪು, ತರಕಾರಿ, ನಾರು ಹಾಕಿದ್ರೆ ನಿಯತ್ತಾಗಿ ದುಡಿತಾವೆ. ನೀನೇನು ಮಾಡ್ತೀಯ? ಬಸ್ ನಿಲ್ಲಿಸೋಕಾಗಲ್ಲ ಅಂತ ನೀರೇ ಕುಡಿಯಲ್ಲ. ಬಂದಿದ್ದನ್ನೂ ತಡ್ಕೊಂಡು ಕೂರ್ತೀಯ."

"ಹಿಂದೆ ನಲವತ್ತು ಜನ ಕೂತಿರ್ತಾರೆ ಮಾಮ."

"ಕೂತಿರಲಿ ಬಿಡೋ. ಐದು ನಿಮಿಷ ಬೈಕೋತಾರೆ, ಮರೀತಾರೆ. ಕರುಳು ಮರೆಯಲ್ಲ."

ಆಮೇಲೆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಮಾಮ, ಒಳಗೆ ಡ್ರೈವರು.

"ಏನು ಬಣ್ಣ?"

"ಕಾಫಿ."

ಅರ್ಧ ಗಂಟೆ ಕಳೆದು, "ಈಗ?"

"ಹಾಲು ಹಾಕದ ಚಹಾ."

ಹತ್ತಕ್ಕೆ ಮಾಮ ಕೇಳುವ ಮೊದಲೇ ಚಿಲಕ ತೆಗೆದ ಸದ್ದು. ಫ್ಲಶ್ಶಿನ ಸದ್ದಿಲ್ಲ. "ಮಾಮ, ನೀವೇ ಬಂದು ನೋಡಿ."

ಮಾಮ ನೋಡುತ್ತಾರೆ. ತಳದ ಪಿಂಗಾಣಿಯ ಸಣ್ಣ ಬಿರುಕೂ ಕಾಣುವಷ್ಟು ತಿಳಿ. ಅವನ ಬೆನ್ನು ತಟ್ಟಿ, ಕೈ ತೊಳೆಯಲು ಹೋಗುತ್ತಾರೆ.

ಹನ್ನೆರಡೂವರೆಗೆ ಡಾಕ್ಟರು ಹೊರಬಂದು ಡ್ರೈವರನ ಹೆಂಡತಿಗೆ ಹೇಳುತ್ತಾರೆ: ಎರಡು ಗಂಟುಗಳಿದ್ದವು, ಕಡಲೆಕಾಳಿನಷ್ಟು ಒಂದು, ದ್ರಾಕ್ಷಿಯಷ್ಟು ಇನ್ನೊಂದು. ಎರಡನ್ನೂ ಅಲ್ಲೇ ತೆಗೆದಾಗಿದೆ, ಪರೀಕ್ಷೆಗೆ ಕಳಿಸುತ್ತೇವೆ. ನೋಡಿದರೆ ಕೆಟ್ಟದ್ದೇನೂ ಇದ್ದಂತಿಲ್ಲ. ಹಾಗೇ ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಕ್ಯಾನ್ಸರಿಗೆ ತಿರುಗಬಹುದಿತ್ತು. ಆಕೆ ಬ್ಯಾಗು ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ.

ಸಂಜೆ ಮಂಪರು ಇಳಿದ ಡ್ರೈವರು ಹೆಂಡತಿಯ ತೋಳು ಹಿಡಿದು ಹೊರಡುತ್ತಾನೆ. ಡಾಕ್ಟರಿಗೆ ಕೈ ಮುಗಿಯುತ್ತಾನೆ, ನರ್ಸಿಗೂ ಮುಗಿಯುತ್ತಾನೆ. ಜಗ್ಗು ತೊಳೆಯುತ್ತಿರುವ ಮಾಮನ ಹತ್ತಿರ ಬಂದಾಗ ಮಾತ್ರ ಕಿವಿಯ ತನಕ ಕೆಂಪಾಗಿ, ಗೋಡೆಯ ಕಡೆ ನೋಡುತ್ತ ದಾಟುತ್ತಾನೆ.

"ಎಲ್ಲರೂ ಹಾಗೇ" ಎನ್ನುತ್ತಾರೆ ಮಾಮ, ಜಗ್ಗು ಬೋರಲು ಹಾಕುತ್ತ. ಬೇಸರದ ಸುಳಿವೂ ಇಲ್ಲ. "ನಮ್ಮನೆ ಕಡೆ ಬರೋದು ಅವನ ಬಸ್ಸೇ. ಮುಂದಿನ ವಾರ ನಾನು ಹತ್ತಿದ್ರೆ ಗುರುತೇ ಇಲ್ಲದವನ ಹಾಗೆ ಕೂರ್ತಾನೆ. ಕೂರಲಿ. ಸ್ಟೇರಿಂಗ್ ಹಿಂದೆ ಕೂತಿರೋದು ಅವನೇ ಆಗಿದ್ರೆ ನನಗೆ ಸಾಕು."