ಹೆಸರು ಹೇಳದ ಕಾರ್ಡು

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ರಾಳದ ವಾಸನೆ ಬಂತು. ಬೆಸುಗೆ ಹಾಕುವಾಗ ಏಳುವ ಹೊಗೆಯ ವಾಸನೆ, ಇಷ್ಟು ವರ್ಷವಾದರೂ ಹೋಗಿಲ್ಲ. ಒಳಗೆ ಒಂದಿಷ್ಟು ತಂತಿ, ನಮ್ಮ ಹಳೇ ಕಾರ್ಡ್ ರೀಡರು, ಒಂದು ಬಿಳಿ ಕಾರ್ಡು. ಕಾರ್ಡಿನ ಮೇಲೆ ಉಗುರಿನಷ್ಟು ಚಿಪ್ ಬಿಟ್ಟರೆ ಹೆಸರಿಲ್ಲ, ಫೋಟೋ ಇಲ್ಲ, ಏನೂ ಇಲ್ಲ. ಅಕ್ಕ ಹೋದ ತಿಂಗಳು ತೀರಿಕೊಂಡರು. ಡಬ್ಬಿ ನನಗೇ ಸೇರಬೇಕು ಅಂದಿದ್ದರಂತೆ, ಅವರ ತಮ್ಮ ತಂದುಕೊಟ್ಟು ಹೋದರು.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಮದ್ರಾಸಿನ ಎಗ್ಮೋರ್ ಸ್ಟೇಷನ್ನಿನ ಹಿಂದೆ, ಒಂದು ಮಹಡಿಯ ಮೇಲೆ ಆರು ಜನರ ಕಂಪನಿ. ಅಲ್ಲಿ ಅವರು ನನ್ನ ಮೇಲಿನ ಎಂಜಿನಿಯರು. ಇಬ್ಬರ ಮನೆಯಲ್ಲೂ ಕನ್ನಡ ಅಂತ ಗೊತ್ತಾದ ದಿನ ಮೇಡಂ ಹೋಗಿ ಅಕ್ಕ ಆದರು. ಸಿಟ್ಟು ಮೂಗಿನ ತುದಿಯಲ್ಲಿ. ಸದಾ ಕೆಮ್ಮು. ಕೇಳಿದರೆ "ರಾಳದ ಹೊಗೆ ಕಣೇ, ನಿನ್ನ ಕೆಲಸ ನೋಡು" ಅನ್ನೋರು.

ಪುರಸೈವಾಕ್ಕಂನ ಒಂದು ಟಿಬಿ ಕ್ಲಿನಿಕ್ಕು ನಮಗೆ ಕೆಲಸ ಕೊಟ್ಟಿತ್ತು. ಅಲ್ಲಿ ಮಾತ್ರೆ ಪುಕ್ಕಟೆ, ಆದರೆ ಕೌಂಟರಿನವನು ಹೆಸರು ಹಿಡಿದು ಕೂಗುತ್ತಿದ್ದ. ನಾವು ಹೋದ ದಿನವೇ ಒಬ್ಬ ಹುಡುಗಿ, ಮದುವೆ ಗೊತ್ತಾಗಿತ್ತಂತೆ, ತನ್ನ ಹೆಸರು ಕೇಳಿದ್ದೇ ದುಪಟ್ಟಾ ಮುಖಕ್ಕೆಳೆದುಕೊಂಡು ಮಾತ್ರೆ ಬಿಟ್ಟು ಹೊರಟೇ ಹೋದಳು. ನಡುವೆ ಮಾತ್ರೆ ಬಿಟ್ಟರೆ ಜೀವಕ್ಕೇ ಸಂಚಕಾರ. ವಾಪಸು ಬಸ್ಸಿನಿಂದ ಇಳಿಯುವಾಗ ಅಕ್ಕ ಹೇಳಿದರು: "ಮಾತ್ರೆಗೆ ಹಕ್ಕಿದೆ ಅಂತ ಕಾರ್ಡು ಸಾಬೀತು ಮಾಡ್ಬೇಕು. ಯಾರು ಅಂತ ಬಾಯಿ ಬಿಡಬಾರದು."

ಹೇಳೋದು ಸುಲಭ. ಆ ಚಿಪ್ಪಿನ ಜೀವ ಎಷ್ಟು! ರೀಡರು ಒಂದು ಪ್ರಶ್ನೆ ಹಾಕಬೇಕು. ಕಾರ್ಡು ತನ್ನೊಳಗಿನ ಗುಟ್ಟಿಗೆ ಪ್ರತಿ ಸಲ ಒಂದು ಹೊಸ ಸಂಖ್ಯೆ ಬೆರೆಸಿ ಉತ್ತರ ಕೊಡಬೇಕು. ಉತ್ತರ ಸರಿ ಅಂತ ತಿಳಿಯಬೇಕು, ಗುಟ್ಟು ತಿಳಿಯಬಾರದು. ಅಷ್ಟು ದೊಡ್ಡ ಗುಣಾಕಾರಕ್ಕೆ ನಮ್ಮ ಚಿಪ್ ನಿಮಿಷಗಟ್ಟಲೆ ಏದುಸಿರು ಬಿಡುತ್ತಿತ್ತು. ಅಕ್ಕ ಅಂದರು, "ರೈಲಿಗೆ ಪುಳಿಯೋಗರೆ ಕಟ್ಕೊಂಡು ಹೋಗ್ತೀವೋ, ರೈಲಲ್ಲೇ ಒಲೆ ಹಚ್ತೀವೋ?" ಆ ಹೊಸ ಸಂಖ್ಯೆಗಳ ಭಾರೀ ಲೆಕ್ಕವನ್ನೆಲ್ಲ ಆಫೀಸಿನ ಕಂಪ್ಯೂಟರಿನಲ್ಲೇ ಮುಗಿಸಿ, ಪೊಟ್ಟಣ ಕಟ್ಟಿದ ಹಾಗೆ, ಕ್ಲಿನಿಕ್ಕಿನ ಒಂದು ಭೇಟಿಗೊಂದರಂತೆ ಕಾರ್ಡಿನಲ್ಲಿ ತುಂಬಿಸಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು.

ಅಲ್ಲೇ ನಾನು ಅತಿಜಾಣತನ ತೋರಿಸಿದ್ದು. ಜಾಗ ಸಾಲದೆಂದು ಒಂದೊಂದು ಪೊಟ್ಟಣವನ್ನೂ ಎರಡು ಸಲ ಬಳಸುವಂತೆ ಬರೆದಿಟ್ಟೆ. ಅಕ್ಕ ನೋಡಿದರು... ಬೈಯಲಿಲ್ಲ, ಕೆಮ್ಮುತ್ತಲೇ ನಕ್ಕರು. "ನಮ್ಮಜ್ಜಿ ಗಂಡನ ಹೆಸರು ಹೇಳ್ತಿರಲಿಲ್ಲ. ರೇಷನ್ ಆಫೀಸಲ್ಲಿ ಕೇಳಿದ್ರೆ 'ಏಳು ಬೆಟ್ಟದವನು' ಅಂದ್ಲು. ವೆಂಕಟೇಶನೋ, ಶ್ರೀನಿವಾಸನೋ, ತಿಮ್ಮಪ್ಪನೋ? ಗುಮಾಸ್ತ ತಲೆ ಕೆರ್ಕೊಂಡ. ಪಾಪ ಅಂತ ಇನ್ನೊಂದು ಸುಳಿವು ಕೊಟ್ಲು, 'ಬೆಟ್ಟ ಹತ್ತೋರು ಕೂಗೋದು' ಅಂತ. 'ಗೋವಿಂದನಾ?' ಅಂದ. ಅಜ್ಜಿ ನಾಲಗೆ ಕಚ್ಕೊಂಡ್ಲು. ಒಂದೇ ಸಂಖ್ಯೆ ಮೇಲೆ ಎರಡು ಉತ್ತರ ಕೊಟ್ರೂ ಅದೇ ಗತಿ ಕಣೇ. ಒಂದು ಉತ್ತರದಿಂದ ಇನ್ನೊಂದನ್ನ ಕಳೆದವನಿಗೆ ಗುಟ್ಟು ಸಿಕ್ತು." ನಾಚಿಕೆಯಿಂದ ಸತ್ತೇ ಹೋದೆ. ಎಲ್ಲಾ ಅಳಿಸಿ ಮತ್ತೆ ಬರೆದೆ.

ಕಾರ್ಡು ತೋರಿಸಿದ ದಿನ ಕ್ಲಿನಿಕ್ಕಿನ ಮ್ಯಾನೇಜರು ಹಸಿರು ದೀಪ ನೋಡಿ, "ಪೇರು ಎಂಗೆ ಮೇಡಂ?" ಅಂದ. ಹೆಸರೆಲ್ಲಿ? ಪರದೆಯ ಮೇಲೆ ಹೆಸರು ಬರಲೇಬೇಕಂತೆ.

"ಮುಡಿಯಾದು ಸಾರ್," ಅಂದರು ಅಕ್ಕ. ಆಗಲ್ಲ.

ಅವನು ನಮ್ಮ ಕಂಪನಿಯ ಯಜಮಾನರ ಕಡೆ ತಿರುಗಿದ. ಯಜಮಾನರು ತಲೆ ತಗ್ಗಿಸಿದರು. ಅಕ್ಕ ರೀಡರಿನ ತಂತಿ ಕಿತ್ತು, ರೀಡರನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕೂಗಿ ಕೂಗಿ ಎಷ್ಟು ಜನರನ್ನು ಓಡಿಸಿದ್ದೀರಿ, ಅದನ್ನು ಮೊದಲು ಹೇಳಿ ಅಂತ ತಮಿಳಿನಲ್ಲೇ ಕೇಳಿದರು. ಮೂಲೆಯಲ್ಲಿದ್ದ ಡಾಕ್ಟರಮ್ಮ ಎದ್ದು ಬಂದು, ಹೆಸರು ಬೇಡ ಅಂದರು.

ಹೆಸರು ಕೂಗುವುದು ನಿಂತ ಮೇಲೆ ಕೌಂಟರಿನ ಕ್ಯೂ ಉದ್ದವಾಯಿತು. ಆ ಹುಡುಗಿ ಮತ್ತೆ ಬಂದಳೋ ಇಲ್ಲವೋ ನಮಗೆ ತಿಳಿಯಲಿಲ್ಲ. ತಿಳಿಯದ ಹಾಗೆ ಮಾಡಿದವರೇ ನಾವು.

ಮೊನ್ನೆ ಟಿ. ನಗರದ ಅಂಗಡಿಯಲ್ಲಿ ಒಂದು ಟವೆಲ್ಲಿಗೆ ಫೋನ್ ನಂಬರ್ ಕೇಳಿದರು. ಮುಡಿಯಾದು ಅಂದೆ. ಹಿಂದೆ ನಿಂತವರು ಗೊಣಗಿದರು. ಗೊಣಗಲಿ, ನನಗೇನು!

ಇವತ್ತು ರೀಡರಿಗೆ ಕರೆಂಟು ಕೊಟ್ಟು ಆ ಬಿಳಿ ಕಾರ್ಡು ತೂರಿಸಿದೆ. ಆಫೀಸಿನಲ್ಲಿ ಪರೀಕ್ಷೆಗೆ ಮಾಡಿಕೊಂಡ ಕಾರ್ಡುಗಳನ್ನೆಲ್ಲ ಕ್ಲಿನಿಕ್ಕಿನಲ್ಲಿ ಕೆಲಸ ಶುರುವಾದ ದಿನವೇ ರದ್ದು ಮಾಡಿದ್ದೆವು, ಅಂಥದ್ದಾದರೆ ಕೆಂಪು ದೀಪ ಬರಬೇಕು. ಹಸಿರು ಬಂತು. ಕ್ಲಿನಿಕ್ಕು ರೋಗಿಗೆ ಕೊಟ್ಟ, ಮಾತ್ರೆಗೆ ಹಕ್ಕಿದ್ದ ಕಾರ್ಡು. ಆ ಕೆಮ್ಮು... ಅಷ್ಟು ವರ್ಷ ಪಕ್ಕದ ಮೇಜಿನಲ್ಲೇ ಕೂತಿದ್ದೆ, ಒಂದು ದಿನವೂ ಹೊಳೆಯಲಿಲ್ಲವಲ್ಲ ನನಗೆ. ಒಬ್ಬಳೇ ಕೂತು ಅತ್ತೆ.

ಸಂಜೆ ಅವರ ತಮ್ಮ ಫೋನ್ ಮಾಡಿದರು. "ಡಬ್ಬೀಲಿ ಒಂದು ಕಾರ್ಡಿತ್ತಲ್ಲಮ್ಮಾ, ಅದು ಯಾರದು?"

"ಗೊತ್ತಾಗಲ್ಲ ಅಣ್ಣಾ," ಅಂದೆ. "ನಾವು ಹಾಗೇ ಮಾಡಿದ್ದು."